ಹೆಸರಿನ ಕಾಲಮಿನಲ್ಲಿ ಕನ್ನಡ: ಕಾಸರಗೋಡಿನ ಪ್ರಾಥಮಿಕ ಶಾಲೆಯ ಕಾಗದ ಮತ್ತು ಕಂಪ್ಯೂಟರು

ನನಗಿಂತ ಮೊದಲು ಮಾತಾಡಿದವರು ಗಡಿನಾಡಿನ ಸಾಹಿತ್ಯ, ಯಕ್ಷಗಾನ, ಚಳವಳಿ ಎಲ್ಲದರ ಬಗ್ಗೆ ಹೇಳಿದರು. ನಾನು ಅಷ್ಟು ಎತ್ತರದ ವಿಷಯ ತಂದಿಲ್ಲ. ನಾನು ಮಾತಾಡುವುದು ಫಾರ್ಮುಗಳ ಬಗ್ಗೆ. ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯ ಟೀಚರ್ ಆಗಿ ನಾನು ದಿನಾ ತುಂಬಿಸುವ ಫಾರ್ಮು, ಓದುವ ಸುತ್ತೋಲೆ, ತೆರೆಯುವ ಸಾಫ್ಟ್‌ವೇರ್, ಇವುಗಳ ಒಳಗೆ ಕನ್ನಡ ಎಲ್ಲಿ ಉಂಟು, ಎಲ್ಲಿ ಇಲ್ಲ ಎನ್ನುವುದಷ್ಟೇ ನನ್ನ ವಿಷಯ. ಇಲ್ಲಿ ಮಳೆ ಜೋರಾಗಿದೆ, ಮಧ್ಯೆ ಕರೆಂಟು ಹೋದರೆ ಐದು ನಿಮಿಷ ಕಾಯಿರಿ, ಮೊಬೈಲಿನಲ್ಲಿ ಬರುತ್ತೇನೆ.

ಹೊರಗಿನವರಿಗೆ ಒಂದು ಮಾತು ಮೊದಲೇ ಹೇಳಬೇಕು. ಕೇರಳದ ಎಲ್.ಪಿ., ಯು.ಪಿ. ಶಾಲೆಗಳಲ್ಲಿ ಗುಮಾಸ್ತರ ಹುದ್ದೆ ಇಲ್ಲ. ಹೈಸ್ಕೂಲಿನಲ್ಲಿ ಕ್ಲರ್ಕ್ ಇರುತ್ತಾರೆ, ನಮ್ಮಲ್ಲಿ ಹೆಡ್‌ಮಾಸ್ಟ್ರೇ ಕ್ಲರ್ಕ್, ಅವರಿಗೆ ಸಹಾಯಕ್ಕೆ ಕಂಪ್ಯೂಟರು ಸ್ವಲ್ಪ ಗೊತ್ತಿರುವ ಟೀಚರ್ ಒಬ್ಬರು. ಆ ಟೀಚರಿಗೆ ಪಿ.ಎಸ್.ಐ.ಟಿ.ಸಿ. ಎಂದು ಒಂದು ಹೆಸರೂ ಉಂಟು, ಅಂದರೆ ಪ್ರಾಥಮಿಕ ಶಾಲೆಯ ಐ.ಟಿ. ಸಂಯೋಜಕರು. ಹೆಸರು ದೊಡ್ಡದು. ಕೆಲಸ ಏನೆಂದರೆ, ಮಕ್ಕಳ ವಿವರ ‘ಸಂಪೂರ್ಣ’ದಲ್ಲಿ ಏರಿಸುವುದು, ಕೇಂದ್ರದ ಯು-ಡೈಸ್‌ನಲ್ಲಿ ಅದನ್ನೇ ಇನ್ನೊಮ್ಮೆ ಏರಿಸುವುದು, ‘ಸ್ಪಾರ್ಕ್’ನಲ್ಲಿ ಸಂಬಳದ ಬಿಲ್ಲಿಗೆ ಹೆಡ್‌ಮಾಸ್ಟ್ರ ಪಕ್ಕ ಕೂರುವುದು, ಮಧ್ಯಾಹ್ನದ ಊಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಪ್ರೊಜೆಕ್ಟರಿನ ಬಲ್ಬು. ನಡುವೆ ಮೂರನೇ ತರಗತಿಗೆ ಪಾಠವೂ ಆಗಬೇಕು. ಇದೆಲ್ಲ ಕೇರಳದ ಎಲ್ಲ ಪ್ರಾಥಮಿಕ ಶಾಲೆಗಳ ಕತೆ. ಕನ್ನಡ ಶಾಲೆಯದ್ದೇ ಆದ ಕತೆ ಇದರ ಮೇಲೆ ಇನ್ನೊಂದು ಪದರ.

ಆ ಪದರ ಯಾವುದು? ಕಾಗದದ ಕಾಲದಲ್ಲಿ ನಮಗೆ ಒಂದು ಹಕ್ಕು ಇತ್ತು, ಈಗಲೂ ಉಂಟು. ಸಂವಿಧಾನದ 350ನೇ ವಿಧಿ ಪ್ರಕಾರ ಯಾರೇ ಆಗಲಿ ತನ್ನ ದೂರಿನ ಪರಿಹಾರಕ್ಕೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. 1956ರಲ್ಲಿ ಭಾಷಾವಾರು ಪ್ರಾಂತ್ಯ ಆದಾಗ ಏಳನೇ ತಿದ್ದುಪಡಿಯಲ್ಲಿ 350ಎ ಸೇರಿತು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಎಂದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಗೆ ಬಂದ ತಿದ್ದುಪಡಿಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಹೇಳಿದೆ. ಇವೆಲ್ಲ ಒಳ್ಳೆಯ ಕಾನೂನುಗಳು. ಆದರೆ ಇವುಗಳ ಮನಸ್ಸಿನಲ್ಲಿ ಇದ್ದದ್ದು ಕಾಗದ. ಕಾಗದದ ಮೇಲೆ ಒಂದು ಖಾಲಿ ಜಾಗ ಇದ್ದರೆ ಅಲ್ಲಿ ನಾನು ಕನ್ನಡದಲ್ಲಿ ಬರೆಯಬಹುದು. ಆಚೆ ಬದಿಯಲ್ಲಿ ಕನ್ನಡ ಬಲ್ಲ ಒಬ್ಬ ಗುಮಾಸ್ತ ಸಿಕ್ಕಿದರೆ ಕೆಲಸ ಆಯ್ತು. ಪರದೆಯ ಮೇಲಿನ ಚೌಕ ಹಾಗಲ್ಲ. ಅದು ಇಂಗ್ಲಿಷ್ ಅಕ್ಷರ ಕೇಳಿದರೆ ಇಂಗ್ಲಿಷೇ ಬೇಕು, ಮಲಯಾಳ ಕೇಳಿದರೆ ಮಲಯಾಳವೇ. ಕನ್ನಡ ಒತ್ತಿದರೆ ಕೆಂಪು ಗೆರೆ ಬರುತ್ತದೆ, ಮುಂದಿನ ಪುಟ ತೆರೆಯುವುದಿಲ್ಲ. ಕೆಂಪು ಗೆರೆಯ ಜೊತೆ ವಾದ ಮಾಡ್ಲಿಕ್ಕೆ ಆಗುವುದಿಲ್ಲ. ಯಾರೂ ಕನ್ನಡವನ್ನು ಬೇಡ ಎಂದದ್ದಲ್ಲ, ಚೌಕ ಮಾಡಿದವರಿಗೆ ನೆನಪಾಗಲಿಲ್ಲ ಅಷ್ಟೆ. ಪ್ರತಿಭಟನೆ ಮಾಡಬೇಕೆಂದರೂ ಯಾರ ವಿರುದ್ಧ?

ಈಗ ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಹೆಚ್ಚಿನ ಸಮಯ ಹೋಗುವುದು ಇಲ್ಲಿಯೇ.

ಒಬ್ಬ ಹುಡುಗನ ಹೆಸರು ವಿಶ್ವನಾಥ ಎಂದಿಟ್ಟುಕೊಳ್ಳಿ. ತಾಯಿಯ ತವರು ಬಂಟ್ವಾಳದ ಕಡೆ, ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ. ನಮ್ಮ ಕಡೆ ಇದು ಮಾಮೂಲು, ದೊಡ್ಡ ಆಸ್ಪತ್ರೆ ಎಂದರೆ ನಮಗೆ ಮಂಗಳೂರೇ. ಹಾಗಾಗಿ ಜನನ ಪ್ರಮಾಣಪತ್ರ ಕರ್ನಾಟಕದ್ದು. ಅದರಲ್ಲಿ ಕನ್ನಡದಲ್ಲಿ ‘ವಿಶ್ವನಾಥ’, ಇಂಗ್ಲಿಷಿನಲ್ಲಿ ‘ಶ್’ ಶಬ್ದಕ್ಕೆ ಎಸ್ ಮತ್ತು ಎಚ್ ಎರಡೂ. ಆಮೇಲೆ ಆಧಾರ್ ಮಾಡಿಸುವುದು ಕೇರಳದ ಊರಿನ ಒಂದು ಸೇವಾ ಕೇಂದ್ರದಲ್ಲಿ. ಅಲ್ಲಿ ಟೈಪ್ ಮಾಡುವ ಹುಡುಗಿ ಮಲಯಾಳ ಕಲಿತವಳು. ಕೇರಳದ ಇಂಗ್ಲಿಷ್ ರೂಢಿಯಲ್ಲಿ ‘ಶ’ಕ್ಕೆ ಬರೇ ಎಸ್ ಸಾಕು. ಅಶ್ವತಿ, ಶಶಿ, ಈಶ್ವರನ್ ಎಲ್ಲರೂ ಎಚ್ ಇಲ್ಲದೆ ಬದುಕುತ್ತಾರೆ. ಆದ್ದರಿಂದ ವಿಶ್ವನಾಥನ ಎಚ್ ಹೋಯ್ತು. ಎರಡನೆಯದು ಕೊನೆಯ ಅಕ್ಷರ. ಕನ್ನಡದಲ್ಲಿ ಗಂಡಸರ ಹೆಸರು ಅಕಾರದಲ್ಲಿ ನಿಲ್ಲುತ್ತದೆ: ರಾಘವ, ಗೋಪಾಲ, ಕೃಷ್ಣ. ಮಲಯಾಳದಲ್ಲಿ ನಕಾರ ಬೇಕು: ರಾಘವನ್, ಗೋಪಾಲನ್, ಕೃಷ್ಣನ್. ‘ವಿಶ್ವನಾಥ’ ಎಂದು ತಂದೆ ಬಾಯಲ್ಲಿ ಹೇಳಿದರೂ ಬೆರಳು ‘ವಿಶ್ವನಾಥನ್’ ಎಂದು ಒತ್ತುತ್ತದೆ. ಅವಳ ತಪ್ಪು ಅಂತ ನಾನು ಹೇಳುವುದಿಲ್ಲ, ಅವಳ ಕಿವಿಗೆ ಅದೇ ಪೂರ್ತಿ ಹೆಸರು. ಮೂರನೆಯದು ಇನಿಶಿಯಲ್. ನಮ್ಮಲ್ಲಿ ಅದು ಹೆಸರಿನ ಮುಂದೆ ಬರುತ್ತದೆ, ಕೇರಳದಲ್ಲಿ ಹೆಸರಿನ ಹಿಂದೆ. ಅಜ್ಜನ ಕಾಲದಲ್ಲಿ ಕೆ. ಎಂದರೆ ಕುಂಬಳೆಯೋ ಮನೆಯ ಹೆಸರೋ ಏನೋ ಇತ್ತು, ಈಗ ಯಾರಿಗೂ ನೆನಪಿಲ್ಲ. ಆದರೆ ಸಾಫ್ಟ್‌ವೇರಿಗೆ ಅದು ಹೆಸರಿನ ಭಾಗವೋ ಅಲ್ಲವೋ ಗೊತ್ತಾಗಬೇಕು.

ಈ ಹುಡುಗ ಒಂದನೇ ತರಗತಿಗೆ ಬರುವಾಗ ಅವನ ಕೈಯಲ್ಲಿ ಮೂರು ಹೆಸರು. ಜನನ ಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಮಲಯಾಳ ಲಿಪಿಯ ಇನ್ನೊಂದು. ನನ್ನ ಹಾಜರಿ ಪುಸ್ತಕದಲ್ಲಿ ನಾಲ್ಕನೆಯದು, ಕನ್ನಡದ್ದು. ಅವನ ಅಮ್ಮ ಕರೆಯುವುದು ‘ವಿಚ್ಚು’, ಅದು ಯಾವ ಕಾಲಮಿಗೂ ಬೇಡ ಪುಣ್ಯಕ್ಕೆ!

‘ಇಷ್ಟಕ್ಕೆಲ್ಲ ಎಂತ ಟೀಚರೇ, ಒಂದು ಅಕ್ಷರ ಅಲ್ವಾ’ ಎಂದು ತಂದೆ ಕೇಳುತ್ತಾರೆ. ಅವರು ತೋಟದಲ್ಲಿ ಅಡಿಕೆ ಕೊಯ್ಯುವವರು, ತಿದ್ದಿಸಲು ಹೋದರೆ ಒಂದು ದಿನದ ಮಜೂರಿ ಹೋಗುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕಂಪ್ಯೂಟರಿಗೆ ಒಂದು ಅಕ್ಷರ ಬೇರೆ ಎಂದರೆ ಬೇರೆ ಮನುಷ್ಯ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸಲು ಬಿಡುತ್ತಾರೆ, ಹಾಗಾಗಿ ಮೊದಲು ಯಾವ ಹೆಸರು ನಿಲ್ಲಬೇಕು ಎಂದು ಮನೆಯವರು ತೀರ್ಮಾನ ಮಾಡಿಯೇ ಹೋಗಬೇಕು. ಶಾಲೆಗೆ ಸೇರುವಾಗಲೇ ಸರಿ ಮಾಡದಿದ್ದರೆ ಅದೇ ಹೆಸರು ಹತ್ತನೇ ತರಗತಿಯ ತನಕ ಸಾಗಿ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ಅದನ್ನು ಅಲ್ಲಾಡಿಸುವುದು ಸುಲಭದ ಮಾತಲ್ಲ. ಕರ್ನಾಟಕದ ಸಿ.ಇ.ಟಿ.ಗೆ ಗಡಿನಾಡ ಕನ್ನಡಿಗ ಎಂಬ ವರ್ಗದಲ್ಲಿ ಅರ್ಜಿ ಹಾಕುವ ನಮ್ಮ ಮಕ್ಕಳು ಹದಿನೆಂಟನೇ ವಯಸ್ಸಿನಲ್ಲಿ ಹಳೆ ಶಾಲೆಗೆ ಓಡಿ ಬರುವುದು ಬಹುತೇಕ ಇಂಥ ಒಂದು ಅಕ್ಷರಕ್ಕಾಗಿ.

ಮಕ್ಕಳ ಹೆಸರಿಗೆ ಮಾತ್ರ ಅಲ್ಲ, ಊರಿನ ಹೆಸರಿಗೂ ಇದೇ ಗತಿ. ಮಂಜೇಶ್ವರ ಮಲಯಾಳದಲ್ಲಿ ‘ಮಂಜೇಶ್ವರಂ’ ಆಗುತ್ತದೆ, ಅದು ಆ ಭಾಷೆಯ ಸಹಜ ರೂಪ, ಜಗಳ ಬೇಡ. ಆದರೆ ಕುಂಬಳೆ ‘ಕುಂಬಳ’ ಆಗುತ್ತದೆ. ಮಲಯಾಳದವರಿಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ, ನಮಗೆ ಮಾತ್ರ ಇಡೀ ಉಪಜಿಲ್ಲೆ ತರಕಾರಿ ಆಗಿಬಿಡುತ್ತದೆ. ಯಂತ್ರ ಅನುವಾದಕ್ಕೆ ಕೊಟ್ಟು ವಾಪಸ್ ಕನ್ನಡಕ್ಕೆ ತಂದು ಅಚ್ಚು ಹಾಕಿದ ನೋಟಿಸುಗಳಲ್ಲಿ ಈ ತರಕಾರಿಯನ್ನು ನಾನು ಕಂಡಿದ್ದೇನೆ.

ಇಲ್ಲಿ ಬೇರೆ ಗಡಿಗಳ ಅಧ್ಯಾಪಕ ಮಿತ್ರರು ಇದ್ದೀರಿ, ನಿಮ್ಮ ಕಷ್ಟ ಬೇರೆ ರೀತಿಯದ್ದು. ಅಕ್ಕಲಕೋಟೆ, ಜತ್ತದ ಕಡೆ ಮರಾಠಿ ಫಾರ್ಮು. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ ಎ-ಏ, ಒ-ಓ ವ್ಯತ್ಯಾಸ ಇಲ್ಲ, ಹಾಗಾಗಿ ಹ್ರಸ್ವ-ದೀರ್ಘ ಕಲಸಿಹೋಗುತ್ತದೆ. ತಾಳವಾಡಿ, ಹೊಸೂರಿನಲ್ಲಿ ತಮಿಳು ಲಿಪಿ, ಅಲ್ಲಿ ಕ-ಗ, ಟ-ಡ, ಪ-ಬ ಒಂದೇ ಅಕ್ಷರ, ಗೌಡರು ಕೌಡರಾಗಿಯೇ ದಾಖಲಾಗಬೇಕು. ಆದೋನಿ, ರಾಯದುರ್ಗದವರಿಗೆ ತೆಲುಗು ಲಿಪಿ ನಮ್ಮ ಲಿಪಿಯ ತಂಗಿ, ಅವರದ್ದು ಈ ಒಂದು ವಿಷಯದಲ್ಲಿ ಸುಖ. ನಮ್ಮದು ವಿಚಿತ್ರ. ಮಲಯಾಳ ಲಿಪಿಯಲ್ಲಿ ಕನ್ನಡದ ಎಲ್ಲ ಅಕ್ಷರ ಉಂಟು, ಹ್ರಸ್ವ-ದೀರ್ಘ ಉಂಟು, ಅಲ್ಪಪ್ರಾಣ-ಮಹಾಪ್ರಾಣ ಉಂಟು. ನಮ್ಮಲ್ಲಿ ಹಳಗನ್ನಡಕ್ಕೆ ಹೋದ ಱ ಮತ್ತು ೞ ಕೂಡ ಅವರಲ್ಲಿ ಜೀವಂತ. ಅಂದರೆ ಲಿಪಿಯ ಕೊರತೆ ಇಲ್ಲಿ ಕಾರಣವೇ ಅಲ್ಲ. ವಿಶ್ವನಾಥ ಎಂದು ಮಲಯಾಳದಲ್ಲಿ ಧಾರಾಳ ಬರೆಯಬಹುದು, ಬರೆಯುವ ಅಭ್ಯಾಸ ಇಲ್ಲ ಅಷ್ಟೆ. ತಂತ್ರಜ್ಞಾನದವರ ಹತ್ತಿರ ಮಾತಾಡುವಾಗ ಈ ವ್ಯತ್ಯಾಸ ಹೇಳಲೇಬೇಕು, ಇಲ್ಲದಿದ್ದರೆ ಅವರು ಫಾಂಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಹೆಸರು ಸರಿಯಾಗದಿದ್ದರೆ ಶಾಲೆಗೆ ಏನು ನಷ್ಟ? ಅದಕ್ಕೆ ಜೂನ್ ತಿಂಗಳನ್ನು ನೋಡಬೇಕು. ಕೇರಳದಲ್ಲಿ ಶಾಲೆ ತೆರೆದ ಮೇಲೆ ಆರನೇ ಅಧ್ಯಯನ ದಿನ ಎನ್ನುವುದು ನಿರ್ಣಾಯಕ. ಆ ದಿನದ ಮಕ್ಕಳ ಲೆಕ್ಕದ ಮೇಲೆ ಆ ವರ್ಷ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕರು ಎಂದು ನಿರ್ಧಾರ ಆಗುತ್ತದೆ. ಮಲಯಾಳದಲ್ಲಿ ‘ತಸ್ತಿಕ ನಿರ್ಣಯ’, ನಾವೂ ಹಾಗೆಯೇ ಹೇಳುತ್ತೇವೆ. ತಸ್ತಿಕ ಎಂದರೆ ಹುದ್ದೆ. ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕರು ಎನ್ನುವ ಅನುಪಾತ. ಲೆಕ್ಕ ಆಧಾರ್ ಸಂಖ್ಯೆಯ ಮೇಲೆ ನಡೆಯುತ್ತದೆ, ಯಾಕೆಂದರೆ ಹಿಂದೆ ಇಲ್ಲದ ಮಕ್ಕಳನ್ನು ಇದೆ ಎಂದು ತೋರಿಸಿದ ಶಾಲೆಗಳು ಇದ್ದವು. ಆ ಕಾರಣ ನಾನು ಒಪ್ಪುತ್ತೇನೆ. ಆದರೆ ಮೂವತ್ತರ ಅಂಚಿನಲ್ಲಿ ನಿಂತ ತರಗತಿಗೆ ಒಂದು ಮಗು ಹೆಚ್ಚೋ ಕಡಿಮೆಯೋ ಎನ್ನುವುದರಲ್ಲಿ ಒಂದು ಹುದ್ದೆ ನಿಂತಿರುತ್ತದೆ. ಎದುರಿಗೆ ಬೆಂಚಿನಲ್ಲಿ ಕೂತು ಬಾಯ್ತುಂಬ ‘ಹಾಜರ್ ಟೀಚರ್’ ಎನ್ನುವ ಮಗು ಹೆಸರು ಹೊಂದಿಕೆಯಾಗದ ಕಾರಣ ಆ ದಿನದ ಲೆಕ್ಕದಿಂದ ಹೊರಗೆ ಉಳಿಯುವ ಅಪಾಯ ಉಂಟು.

ಕನ್ನಡಕ್ಕೆ ಇದು ಯಾಕೆ ಹೆಚ್ಚು ಕಷ್ಟ ಎಂದರೆ, ನಮ್ಮ ಬಹಳಷ್ಟು ಶಾಲೆಗಳಲ್ಲಿ ಒಂದೇ ಕಟ್ಟಡದಲ್ಲಿ ಕನ್ನಡ ಡಿವಿಜನ್ ಮತ್ತು ಮಲಯಾಳ ಡಿವಿಜನ್ ಎರಡೂ ಇರುತ್ತವೆ. ಮಲಯಾಳ ಡಿವಿಜನಿನಲ್ಲಿ ಒಂದೆರಡು ಮಕ್ಕಳ ಲೆಕ್ಕ ತಪ್ಪಿದರೆ ತರಗತಿ ಸ್ವಲ್ಪ ತುಂಬಿಕೊಳ್ಳುತ್ತದೆ. ಸಣ್ಣದಾಗಿರುವ ಕನ್ನಡ ಡಿವಿಜನಿನಲ್ಲಿ ತಪ್ಪಿದರೆ ಒಂದು ಹುದ್ದೆಗೇ ಕುತ್ತು. ಹುದ್ದೆ ಹೋದ ಮೇಲೆ ಮುಂದಿನ ವರ್ಷ ಅಪ್ಪ-ಅಮ್ಮ ‘ಅಲ್ಲಿ ಟೀಚರೇ ಇಲ್ಲ’ ಎಂದು ಪಕ್ಕದ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಹುದ್ದೆಗೆ ಹಾಕಿದಾಗ ನಾವು ಬೀದಿಗೆ ಇಳಿಯುತ್ತೇವೆ, ಇಳಿಯಬೇಕು. ಆದರೆ ಹುದ್ದೆಯೇ ಸದ್ದಿಲ್ಲದೆ ಕರಗಿದರೆ ಅದಕ್ಕೆ ಮೆರವಣಿಗೆ ಇಲ್ಲ. ಆದ್ದರಿಂದ ಜೂನ್ ಮೊದಲ ವಾರ ನಾನು ಪಾಠಕ್ಕಿಂತ ಹೆಚ್ಚು ಫೋನು ಮಾಡುತ್ತೇನೆ. ಮಳೆಗೆ ನೆಟ್‌ವರ್ಕ್ ಇಲ್ಲ, ಕೆಲವು ಮನೆಗಳಲ್ಲಿ ಸಿಕ್ಕುವುದು ಕರ್ನಾಟಕದ ಟವರು.

ಮಾತೃಭಾಷೆಯ ಕಾಲಂ ಇನ್ನೊಂದು ಮುಳ್ಳು. ಕನ್ನಡ ಶಾಲೆ ಅಂದ ಕೂಡಲೇ ಬೆಂಗಳೂರಿನವರು ಮಕ್ಕಳೆಲ್ಲ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂದುಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ತುಳು ಮಾತಾಡುವವರು ಹೆಚ್ಚು. ಹವ್ಯಕ ಕನ್ನಡದವರು, ಕೊಂಕಣಿಯವರು, ಮರಾಠಿಯವರು, ಬ್ಯಾರಿ ಮಾತಾಡುವವರು, ಮನೆಯಲ್ಲಿ ಮಲಯಾಳವೇ ಇರುವವರೂ ಇದ್ದಾರೆ. ಇವರೆಲ್ಲರ ಶಾಲೆಯ ಭಾಷೆ ಕನ್ನಡ, ಅಜ್ಜನ ಕಾಲದಿಂದ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಊರಲ್ಲವೇ ಇದು. ಫಾರ್ಮಿನಲ್ಲಿ ‘ಮಾತೃಭಾಷೆ’ ಅಂತ ಕೇಳಿದಾಗ ತಾಯಿ ‘ತುಳು’ ಎನ್ನುತ್ತಾರೆ. ಸತ್ಯ ಅದೇ. ಪಕ್ಕದಲ್ಲಿ ನಿಂತ ಮಾವ ‘ಕನ್ನಡ ಅಂತ ಬರೆಯಿರಿ, ಇಲ್ಲದಿದ್ದರೆ ನಮ್ಮ ಲೆಕ್ಕ ಕಡಿಮೆ ಆಗ್ತದೆ’ ಎನ್ನುತ್ತಾರೆ. ಅವರ ಭಯವೂ ಸುಳ್ಳಲ್ಲ. ತುಳು ಎಂಟನೇ ಪರಿಚ್ಛೇದದಲ್ಲಿ ಇಲ್ಲ, ತುಳು ಮಾಧ್ಯಮದ ಶಾಲೆ ಇಲ್ಲ. ಹಾಗಾದರೆ 350ಎ ಹೇಳುವ ಮಾತೃಭಾಷೆಯ ಮಗು ಯಾರು? ನಾನು ತಾಯಿ ಹೇಳಿದ್ದನ್ನೇ ಬರೆಯುತ್ತೇನೆ. ಕರ್ನಾಟಕದ ಗಡಿನಾಡ ಕನ್ನಡಿಗ ವರ್ಗದ ನಿಯಮದಲ್ಲಿ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಎಂದು ಇಟ್ಟಿದ್ದಾರೆ, ಅದನ್ನು ಬರೆದವರಿಗೆ ಕರಾವಳಿ ಗೊತ್ತಿತ್ತು. ಕಲಿಕೆಯ ಮಾಧ್ಯಮ ಬೇರೆ ಕಾಲಂ, ಮನೆ ಭಾಷೆ ಬೇರೆ ಕಾಲಂ. ಎರಡನ್ನೂ ನಿಜ ಬರೆದು, ಲೆಕ್ಕ ಮಾಡುವವರು ಮಾಧ್ಯಮದ ಕಾಲಂ ನೋಡಬೇಕು ಎಂದು ಕೇಳುವುದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಒಪ್ಪದವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ.

ಇನ್ನು ಸುತ್ತೋಲೆ. ವಾಟ್ಸಪ್ಪಿನಲ್ಲಿ ಬರುತ್ತದೆ, ಮಲಯಾಳದಲ್ಲಿ, ಬಹಳ ಸಲ ಸ್ಕ್ಯಾನ್ ಮಾಡಿದ ಚಿತ್ರವಾಗಿ. ‘ಇಂದು ಮೂರು ಗಂಟೆಯ ಒಳಗೆ’ ಎಂದು ಕೊನೆಯ ಸಾಲು. ಅಧ್ಯಾಪಕರಿಗೆ ಮಲಯಾಳ ಓದಲು ಬರುತ್ತದೆ, ಹೇಗಾದರೂ ಕಲಿತಿದ್ದೇವೆ. ಆದರೆ ಅದರ ಸಾರ ಪಿ.ಟಿ.ಎ. ಗುಂಪಿಗೆ ಕನ್ನಡದಲ್ಲಿ ಹೋಗಬೇಕು. ಇಲ್ಲಿ ಅಪಾಯ ಇರುವುದು ಗೊತ್ತಿಲ್ಲದ ಶಬ್ದಗಳಲ್ಲಿ ಅಲ್ಲ. ಗೊತ್ತಿಲ್ಲದ ಶಬ್ದಕ್ಕೆ ಪಕ್ಕದ ಕ್ಲಾಸಿನ ಮಲಯಾಳ ಟೀಚರನ್ನು ಕೇಳುತ್ತೇವೆ. ಅಪಾಯ ಇರುವುದು ಗೊತ್ತು ಎಂದು ತೋರುವ ಶಬ್ದಗಳಲ್ಲಿ. ಎರಡೂ ಭಾಷೆ ಸಂಸ್ಕೃತದಿಂದ ಸಾಲ ತಂದಿವೆ, ಖರ್ಚು ಮಾಡಿದ್ದು ಬೇರೆ ಬೇರೆ ಕಡೆ.

ಕೆಲವು ಉದಾಹರಣೆ ಕೇಳಿ. ಮಲಯಾಳದ ‘ಅವಧಿ’ ಎಂದರೆ ರಜೆ. ‘ನಾಳೆ ಅವಧಿ’ ಎಂದು ಮೆಸೇಜು ಬಂದರೆ ಕನ್ನಡದ ತಾಯಿಗೆ ಏನು ಅರ್ಥವಾಗಬೇಕು? ‘ಅಪೇಕ್ಷ’ ಎಂದರೆ ಅರ್ಜಿ, ‘ಅಪೇಕ್ಷೆ ಕೊನೆಯ ದಿನಾಂಕ’ ಎಂದು ಹಾಗೇ ಇಳಿಸಿದರೆ ಆಸೆಗೂ ಗಡುವು ಬಂದ ಹಾಗಾಯ್ತು. ‘ಉತ್ತರವ್’ ಎಂದರೆ ಆದೇಶ. ‘ಸರ್ಕಾರದ ಉತ್ತರವು ಬಂದಿದೆ’ ಅಂದರೆ ನಾವು ಯಾವ ಪ್ರಶ್ನೆ ಕೇಳಿದ್ದೆವು ಎಂದು ತಲೆ ಕೆರೆದುಕೊಳ್ಳಬೇಕು. ‘ಅನುವಾದಂ’ ಎಂದರೆ ಒಪ್ಪಿಗೆ, ಪರವಾನಗಿ. ಪ್ರವಾಸದ ಫಾರ್ಮಿನಲ್ಲಿ ರಕ್ಷಕರ ‘ಅನುವಾದ’ ಬೇಕು ಎಂದು ಇದ್ದರೆ ಅವರು ಭಾಷಾಂತರ ಮಾಡಿ ಕೊಡಬೇಕಾಗಿಲ್ಲ, ಸಹಿ ಹಾಕಿದರೆ ಸಾಕು. ‘ಮತ್ಸರಂ’ ಎಂದರೆ ಸ್ಪರ್ಧೆ, ‘ಪ್ರಸಂಗಂ’ ಎಂದರೆ ಭಾಷಣ. ‘ಪ್ರಸಂಗ ಮತ್ಸರ’ಕ್ಕೆ ಮಕ್ಕಳನ್ನು ಕಳಿಸಿ ಅಂದರೆ ನಮ್ಮೂರಿನ ಯಕ್ಷಗಾನದ ಅಜ್ಜಂದಿರು ನಗುತ್ತಾರೆ, ಎರಡು ಮೇಳದವರ ಹೊಟ್ಟೆಕಿಚ್ಚು ಅಂತ.

ಇವು ನಗುವ ಮಾತಾಯ್ತು. ನಗು ಬಾರದ ಒಂದು ಉಂಟು. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. ಶಿಕ್ಷಣ ಹಕ್ಕು ಕಾಯಿದೆ ಅಲ್ಲಿ ‘ವಿದ್ಯಾಭ್ಯಾಸ ಅವಕಾಶ ನಿಯಮ’. ಕನ್ನಡದಲ್ಲಿ ಅವಕಾಶ ಅಂದರೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ‘ಭಾಷಾ ನ್ಯೂನಪಕ್ಷ ಅವಕಾಶ’ ಎಂದು ಮಲಯಾಳದಲ್ಲಿ ಬರೆದದ್ದನ್ನು ಅರ್ಧ ಮಲಯಾಳ ಬಲ್ಲ ನಮ್ಮ ಪೋಷಕರು ಹಾಗೇ ಓದಿಕೊಂಡು, ಏನೋ ಒಂದು ಸೌಲಭ್ಯ ಕೊಟ್ಟಿದ್ದಾರೆ, ಕೊಡದಿದ್ದರೂ ಕೇಳುವ ಹಾಗಿಲ್ಲ ಎಂದು ತಿಳಿಯುವುದನ್ನು ನಾನು ಸಭೆಗಳಲ್ಲಿ ನೋಡಿದ್ದೇನೆ. ಹಕ್ಕು ಒಂದು ಶಬ್ದದ ಜಾಗ ಬದಲಾಗಿ ದಯೆ ಆಗಿಬಿಡುತ್ತದೆ. ಆದ್ದರಿಂದ ಸುತ್ತೋಲೆ ಕನ್ನಡಕ್ಕೆ ತರುವುದು ನಮ್ಮ ಕಡೆ ಸೌಜನ್ಯದ ಕೆಲಸ ಅಲ್ಲ. ಆದರೆ ಅದಕ್ಕೆ ಪೀರಿಯಡ್ ಇಲ್ಲ, ಡ್ಯೂಟಿ ಲೀವ್ ಇಲ್ಲ, ಯಾವ ರಿಜಿಸ್ಟರಿನಲ್ಲೂ ಜಾಗ ಇಲ್ಲ. ನಮ್ಮ ಶಾಲೆಯಲ್ಲಿ ರಾತ್ರಿ ಊಟದ ಮೇಲೆ ಮಾಡುತ್ತೇವೆ. ಈಗ ಫೋನಿನ ಕ್ಯಾಮೆರಾ ಹಿಡಿದರೆ ಯಂತ್ರ ಅನುವಾದ ಮಾಡಿಕೊಡುತ್ತದೆ. ‘ಅವಧಿ’ಯಂಥ ಕಡೆ ಯಂತ್ರ ಮನುಷ್ಯರಿಗಿಂತ ಎಚ್ಚರ, ಅದಕ್ಕೆ ನಮ್ಮ ಹಾಗೆ ಹತ್ತಿರದ ಶಬ್ದದ ಮೋಹ ಇಲ್ಲ. ಎಡವುವುದು ಹುದ್ದೆ, ಯೋಜನೆ, ಊರು ಇವುಗಳ ಹೆಸರಲ್ಲಿ. ಯಾರಾದರೂ ಓದಿ ತಿದ್ದಲೇಬೇಕು.

ಬರೇ ದೂರು ಹೇಳಿ ಮುಗಿಸಿದರೆ ಅನ್ಯಾಯ ಆಗುತ್ತದೆ, ಯಾಕೆಂದರೆ ಒಂದು ಕಡೆ ಕೇರಳದ ಶಾಲಾ ತಂತ್ರಜ್ಞಾನ ನಮಗೆ ತುಂಬ ಉಪಕಾರ ಮಾಡಿದೆ. 2001ರಲ್ಲಿ ಐ.ಟಿ.@ಸ್ಕೂಲ್ ಯೋಜನೆ ಶುರುವಾಯಿತು, 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆ ಆಯಿತು. ಇಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಗ್ನೂ/ಲಿನಕ್ಸ್, ಸ್ವತಂತ್ರ ತಂತ್ರಾಂಶ. ಮಕ್ಕಳಿಗೆ ಮಲಯಾಳ ಟೈಪಿಂಗ್ ಕಲಿಸುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ. ಕರ್ನಾಟಕದ ನಮ್ಮ ನೆಂಟರೆಲ್ಲ ನುಡಿ, ಬರಹ ಎಂದು ಬೇರೆ ವಿನ್ಯಾಸ ಕಲಿತವರು, ಇನ್‌ಸ್ಕ್ರಿಪ್ಟ್ ಅಂದರೆ ಮುಖ ನೋಡುತ್ತಾರೆ. ಆದರೆ ಇದರಲ್ಲಿ ಒಂದು ಗುಟ್ಟು ಉಂಟು. ಇನ್‌ಸ್ಕ್ರಿಪ್ಟನ್ನು ಭಾರತದ ಎಲ್ಲ ಲಿಪಿಗಳಿಗೂ ಒಂದೇ ನಕ್ಷೆಯಲ್ಲಿ ಮಾಡಿದ್ದಾರೆ. ಇಂಗ್ಲಿಷ್ ಕೆ ಕೀಲಿ ಒತ್ತಿದರೆ ಮಲಯಾಳದಲ್ಲೂ ‘ಕ’, ಕನ್ನಡದಲ್ಲೂ ‘ಕ’. ಎಚ್ ಒತ್ತಿದರೆ ‘ಪ’, ಎಲ್ ಒತ್ತಿದರೆ ‘ತ’. ಡಿ ಒತ್ತಿದರೆ ಎರಡರಲ್ಲೂ ಅರ್ಧಾಕ್ಷರ. ಅಂದರೆ ಮಲಯಾಳಕ್ಕೆ ಪಳಗಿದ ಬೆರಳು ಭಾಷೆ ಬದಲಾಯಿಸುವ ಗುಂಡಿ ಒತ್ತಿದ ಕೂಡಲೇ ಕನ್ನಡಕ್ಕೂ ಪಳಗಿದ್ದೇ. ಏಳನೇ ತರಗತಿಯ ಹುಡುಗಿಯರಿಗೆ ಇದನ್ನು ತೋರಿಸಿಕೊಟ್ಟ ದಿನ ಅವರು ಲ್ಯಾಬಿನಿಂದ ಎದ್ದು ಬರಲಿಲ್ಲ, ತಮ್ಮ ಹೆಸರನ್ನು ಆಚೆ ಈಚೆ ಟೈಪ್ ಮಾಡುತ್ತಾ ಕೂತರು. ಕಿಞ್ಞಣ್ಣ ರೈ ಎಂದು ಞಕಾರಕ್ಕೆ ಒತ್ತು ಕೊಟ್ಟು ಬರೆಯಲು ಕೂಡ ಅಲ್ಲಿ ಪ್ರತ್ಯೇಕ ಕೀಲಿ ಉಂಟು, ನಮ್ಮ ಕವಿಯ ಹೆಸರನ್ನು ಬೇರೆ ಊರಿನವರು ಏನೇನೋ ಮಾಡಿ ಬರೆಯುತ್ತಾರಲ್ಲ.

‘ಸಮಗ್ರ’ದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಸಿಗುತ್ತದೆ. 2020ರ ಜೂನ್ 1ಕ್ಕೆ ‘ಫಸ್ಟ್ ಬೆಲ್’ ಶುರುವಾಗಿ ಶಾಲೆಯೆಲ್ಲ ಟಿ.ವಿ.ಯೊಳಗೆ ಹೋದಾಗ ನಮ್ಮ ಜಿಲ್ಲೆಯ ಅಧ್ಯಾಪಕರು ಕನ್ನಡದಲ್ಲಿ ಪಾಠ ಮಾಡಿದರು. ತಲಪಾಡಿಯ ಗಡಿ ಮುಚ್ಚಿ ಮಂಗಳೂರು ದೂರ ಆದ ವರ್ಷ ಅದು. ಆ ಪಾಠಗಳು ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಆ ವರ್ಷ ಕನ್ನಡ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತಿತ್ತು. ಕಲಿಸುವ ಕಡೆ ಕನ್ನಡ ಒಳಗೆ ಬಂದಿದೆ, ಲೆಕ್ಕ ಇಡುವ ಕಡೆ ಬಂದಿಲ್ಲ. ಒಂದೇ ರಾಜ್ಯ, ಒಂದೇ ಇಲಾಖೆ, ಒಂದೇ ಲ್ಯಾಪ್‌ಟಾಪ್. ತಂತ್ರಜ್ಞಾನಕ್ಕೆ ಇದು ಸಾಧ್ಯವಿಲ್ಲ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ. ನಾವು ಕೇಳಬೇಕಾದ್ದು ದೊಡ್ಡದೇನೂ ಅಲ್ಲ. ಹೆಸರಿನ ಕಾಲಮಿಗೆ ಮಲಯಾಳದ ಪಕ್ಕದಲ್ಲಿ ಕನ್ನಡಕ್ಕೂ ಒಂದು ಚೌಕ. ಸುತ್ತೋಲೆ ಚಿತ್ರವಾಗಿ ಬಾರದೆ ಯುನಿಕೋಡ್ ಅಕ್ಷರದಲ್ಲಿ ಬರಬೇಕು, ಆಗ ಅನುವಾದದ ಅರ್ಧ ಶ್ರಮ ಉಳಿಯುತ್ತದೆ. ಮತ್ತೆ ಅವಧಿ, ಅಪೇಕ್ಷ, ಉತ್ತರವ್, ಅನುವಾದಂ, ಅವಕಾಶಂ ಇಂಥ ಶಬ್ದಗಳ ಒಂದು ಪಟ್ಟಿ, ಪ್ರತಿ ಕನ್ನಡ ಶಾಲೆಯ ಗೋಡೆಗೆ ಅಂಟಿಸುವ ಹಾಗೆ. ಕೊನೆಯದಕ್ಕೆ ತಿರುವನಂತಪುರದ ಆದೇಶ ಬೇಡ, ಈ ಗೋಷ್ಠಿಯಲ್ಲಿ ಇರುವವರೇ ಮಾಡಬಹುದು. ಮರಾಠಿ, ತಮಿಳು, ತೆಲುಗಿಗೂ ಅಂಥದ್ದೊಂದು ಮಾಡಿದರೆ ಇನ್ನೂ ಒಳ್ಳೆಯದು.

ಚಾಟಿನಲ್ಲಿ ಎರಡು ಪ್ರಶ್ನೆ ಬಂದಿವೆ. ಒಬ್ಬರು ಕೇಳುತ್ತಾರೆ, ಕನ್ನಡ ಹೆಸರನ್ನು ಯುನಿಕೋಡಿನಲ್ಲಿ ಬರೆದರೂ ಹುಡುಕುವಾಗ ಸಿಗುವುದಿಲ್ಲ, ಯಾಕೆ ಎಂದು. ಒಂದು ಕಾರಣ ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಜ್ ಮತ್ತು ಕು ಕೂಡದ ಹಾಗೆ ಬರೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಹಾಕುತ್ತೇವಲ್ಲ, ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಯಂತ್ರಕ್ಕೆ ಅದು ಎರಡು ಹೆಸರು. ಮಲಯಾಳದ ಚಿಲ್ಲಕ್ಷರಕ್ಕೂ ಇದೇ ತೊಂದರೆ, ಹಳೆ ರೀತಿ ಮತ್ತು 2008ರ ನಂತರದ ಹೊಸ ರೀತಿ ಎರಡೂ ನೋಡಲು ಒಂದೇ ತರ, ಒಳಗೆ ಬೇರೆ. ನಮ್ಮ ಶಾಲೆಯಲ್ಲಿ ಹುಡುಕುವುದು ಹೆಸರಿನಿಂದ ಅಲ್ಲ, ಎಡ್ಮಿಷನ್ ನಂಬರಿನಿಂದ.

ಇನ್ನೊಂದು ಪ್ರಶ್ನೆ ಮಂಗಳೂರಿನಿಂದ: ಕರ್ನಾಟಕದಲ್ಲಿ ಇರುವ ನಾವು ಏನು ಮಾಡಬಹುದು? ನಿಮ್ಮ ಮನೆಯ ಮಗಳು ಕಾಸರಗೋಡಿಗೆ ಮದುವೆಯಾಗಿ ಬಂದು ಹೆರಿಗೆಗೆ ತವರಿಗೆ ಬಂದಿದ್ದರೆ, ಮಗುವಿನ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಕಳಿಸಬೇಡಿ. ಒಂದು ವರ್ಷದ ಒಳಗೆ ಶುಲ್ಕ ಇಲ್ಲದೆ ಸೇರಿಸಬಹುದು, ಆಮೇಲೆ ತಡವಾದ ಶುಲ್ಕ ಕೊಟ್ಟು ಹದಿನೈದು ವರ್ಷದ ತನಕ. ಸೇರಿಸುವಾಗ ಇಂಗ್ಲಿಷ್ ಸ್ಪೆಲಿಂಗನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಳಿಯನ ಕಿಸೆಗೆ ಹಾಕಿ. ಆಧಾರಿಗೆ, ರೇಷನ್ ಕಾರ್ಡಿಗೆ, ಶಾಲೆಗೆ ಎಲ್ಲ ಕಡೆ ಆ ಚೀಟಿಯನ್ನೇ ತೋರಿಸಲಿ, ಬಾಯಲ್ಲಿ ಹೇಳುವುದು ಬೇಡ.